ಅಂಗೈ ಅಗಲದ ಕ್ಯಾಮೆರಾದಲ್ಲಿ ಸೀಮಂತ, ನಾಮಕರಣ, ಗೃಹಪ್ರವೇಶ: ನನ್ನ ಅನುಭವ

ಪುಟ್ಟ ಕ್ಯಾಮೆರಾ ಹಿಡಿದು ಸಮಾರಂಭಗಳಿಗೆ ಹೋಗುತ್ತೇನೆಂದು ಚಿಕ್ಕಬಳ್ಳಾಪುರದ ಸ್ಟುಡಿಯೋ ಬಳಗದಲ್ಲಿ ನನ್ನನ್ನು ಎರಡು ವರ್ಷ ಆಡಿಕೊಂಡವರಿಗೆ ಮೊದಲು ದುಡ್ಡಿನ ಲೆಕ್ಕವನ್ನೇ ಒಪ್ಪಿಸಿಬಿಡುತ್ತೇನೆ. ಕಳೆದ ಕಾರ್ತಿಕದಿಂದ ಈ ವೈಶಾಖದವರೆಗೆ, ಪ್ಯಾಂಟಿನ ಕಿಸೆಗೆ ಇಳಿಯುವ ಒಂದು ಕಾಂಪ್ಯಾಕ್ಟ್ ಕ್ಯಾಮೆರಾದಿಂದ ದುಡಿದದ್ದು ಖರ್ಚು ಕಳೆದು 2 ಲಕ್ಷಕ್ಕೆ ಸ್ವಲ್ಪ ಕಡಿಮೆ. ಕ್ಯಾಮೆರಾಕ್ಕೆ ಕೊಟ್ಟದ್ದು 26 ಸಾವಿರ, ಅದೂ ಸೆಕೆಂಡ್ ಹ್ಯಾಂಡ್. ದುಬಾರಿ ಫುಲ್ ಫ್ರೇಮ್ ಕ್ಯಾಮೆರಾ ಬಾಡಿ ಮತ್ತು ಎರಡು ಲೆನ್ಸಿಗೆ ಸಾಲ ಮಾಡಿ ಇನ್ನೂ ಕಂತು ಕಟ್ಟುತ್ತಿರುವ ಮಿತ್ರರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ದೊಡ್ಡ ಮದುವೆಯ ಮಾತನ್ನು ನಾನು ಆಡುತ್ತಿಲ್ಲ. ನಾವೆಲ್ಲರೂ ಬಿಟ್ಟುಬಿಡುತ್ತಿದ್ದ ಸಣ್ಣ ಕೆಲಸಗಳಿವೆಯಲ್ಲ, ಸೀಮಂತ, ನಾಮಕರಣ, ಗೃಹಪ್ರವೇಶ, ದೇವಸ್ಥಾನದಲ್ಲಿ ಐವತ್ತು ಜನರ ಮುಂದೆ ಮುಗಿಯುವ ಮದುವೆ, ಅವುಗಳ ಮಾತು. ಅವರು ಕೊಡುವುದು ಏಳೆಂಟು ಸಾವಿರ. ಅದರಲ್ಲಿ ಸಹಾಯಕನಿಗೆ 1,500, ಆಲ್ಬಮ್‌ಗೆ ಮೂರು ಸಾವಿರದ ಹತ್ತಿರ, ಲೈಟು, ಸ್ಟ್ಯಾಂಡು ಸಾಗಿಸಲು ಕಾರಿನ ಪೆಟ್ರೋಲ್. ಕೈಗೆ ಉಳಿಯುವುದು ಬಿಸಿಲೂ ದಣಿವೂ ಅಷ್ಟೇ. ನಾನೊಬ್ಬನೇ ಸ್ಕೂಟರಿನಲ್ಲಿ ಹೋಗಿ ಮುಗಿಸಿಬರುವಂತಿದ್ದರೆ ಈ ಲೆಕ್ಕ ತಿರುಗುತ್ತದೆ ಎಂದು ನನಗೆ ಖಾತ್ರಿಯಿತ್ತು. ಯಾವ ಕ್ಯಾಮೆರಾ ಎನ್ನುವುದಷ್ಟೇ ಪ್ರಶ್ನೆ.

ಮೊದಲು ಪರೀಕ್ಷೆಗೆ ತಂದದ್ದು ಗೆಳೆಯರೊಬ್ಬರ ನಿಕಾನ್ ಪಿ900. 2015ರ ಕ್ಯಾಮೆರಾ, 83 ಪಟ್ಟು ಜೂಮ್, ಫುಲ್ ಫ್ರೇಮ್ ಲೆಕ್ಕದಲ್ಲಿ 24ರಿಂದ 2000 ಎಂಎಂಗೆ ಸಮ (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಅದರಲ್ಲಿ ಚಂದ್ರನ ಕುಳಿಗಳನ್ನು ತೆಗೆದು ಮನೆಮಂದಿಗೆಲ್ಲ ತೋರಿಸಿದೆ. ನಂದಿಬೆಟ್ಟದ ತಪ್ಪಲಿನಲ್ಲಿ ಎರಡು ಭಾನುವಾರ ಹಕ್ಕಿಗಳ ಹಿಂದೆ ಅಲೆದೆ, ಹಾಯೆನಿಸಿತು. ಆದರೆ ಸೀಮಂತದ ಮನೆಯ ನಡುಕೋಣೆಯಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಮುಖಗಳು ಮೇಣ ಸವರಿದಂತೆ ಬಂದವು. ಚಿತ್ರ ಹಿಡಿಯುವ ಚಿಪ್ಪು, ಅಂದರೆ ಸೆನ್ಸರ್, ಕಿರುಬೆರಳಿನ ಉಗುರಿನಷ್ಟೂ ಇಲ್ಲ, ಆಮೇಲೆ ತಿದ್ದಿಕೊಳ್ಳಲು ಬೇಕಾದ ಕಚ್ಚಾ ಚಿತ್ರ, ರಾ ಫೈಲ್, ಕೊಡುವುದೂ ಇಲ್ಲ. ಜೂಮ್ ನೋಡಿ ಕ್ಯಾಮೆರಾ ಕೊಳ್ಳುವವರು ಹಕ್ಕಿ ನೋಡುವವರಾಗಿದ್ದರೆ ಸರಿ.

ಆಮೇಲೆ ತೆಳ್ಳಗಿನ, ಹೊಳೆಯುವ ಒಂದನ್ನು ಹನ್ನೊಂದು ಸಾವಿರಕ್ಕೆ ಕೊಂಡೆ. ಕಂಪನಿಯ ಹೆಸರು ಬೇಡ. ಕಲ್ಲು ಕ್ವಾರಿಯ ಪಕ್ಕದ ಹಳ್ಳಿಯೊಂದರ ಗೃಹಪ್ರವೇಶದಲ್ಲಿ, ಹಸುವನ್ನು ಒಳಗೆ ಕರೆತರುವ ಹೊತ್ತಿಗೆ ಲೆನ್ಸ್ ಅರ್ಧ ಹೊರಗೆ ಬಂದು ನಿಂತುಬಿಟ್ಟಿತು. ಉಳಿದದ್ದನ್ನು ಕಾರಿನಲ್ಲಿದ್ದ ದೊಡ್ಡ ಕ್ಯಾಮೆರಾದಲ್ಲಿ, ಡಿಎಸ್‌ಎಲ್‌ಆರ್‌ನಲ್ಲಿ, ಮುಗಿಸಿದೆ. ರಿಪೇರಿಗೆ ಬೆಂಗಳೂರಿನಲ್ಲಿ ಒಂಬತ್ತು ಸಾವಿರ ಕೇಳಿದರು. ಒಳಕ್ಕೂ ಹೊರಕ್ಕೂ ಸರಿಯುವ ಲೆನ್ಸ್ ಪ್ರತಿ ಸಲವೂ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆಗೆ ನಮ್ಮ ಸೀಮೆಯ ಕಲ್ಲುಪುಡಿಯನ್ನೂ. ಈಗ ಧೂಳಿರುವ ಕಡೆ ಕ್ಯಾಮೆರಾವನ್ನು ಆಫ್ ಮಾಡುವುದೇ ಇಲ್ಲ. ಲೆನ್ಸ್ ಹೊರಗಿರುವಂತೆಯೇ, ತಾನಾಗಿ ಆರದ ಹಾಗೆ ಸಮಯ ಹೊಂದಿಸಿಕೊಂಡು, ಕುತ್ತಿಗೆಗೆ ನೇತುಹಾಕಿಕೊಳ್ಳುತ್ತೇನೆ. ಬ್ಯಾಟರಿ ತಿನ್ನುತ್ತದೆ, ತಿನ್ನಲಿ.

ಇಷ್ಟಾದ ಮೇಲೆ ಕಾಗದ, ಪೆನ್ಸಿಲ್ ಹಿಡಿದು ಕುಳಿತೆ. ಒಂದು ಇಂಚಿನ ಸೆನ್ಸರ್ ಎನ್ನುತ್ತಾರಲ್ಲ, ಅದು ನಿಜಕ್ಕೂ 13.2 × 8.8 ಮಿಲಿಮೀಟರ್, ಅಂದರೆ 116 ಚದರ ಮಿಲಿಮೀಟರ್. ಅಗ್ಗದ ಕಾಂಪ್ಯಾಕ್ಟ್‌ಗಳದು 28. ನಮ್ಮ ಎಪಿಎಸ್-ಸಿ ಅಳತೆಯ ಸೆನ್ಸರಿನ ಡಿಎಸ್‌ಎಲ್‌ಆರ್‌ನದು 370ರ ಆಸುಪಾಸು. ಮೂರು ಪಟ್ಟು ದೊಡ್ಡದು, ಒಪ್ಪಿದೆ. ಆದರೆ ನಮ್ಮಲ್ಲಿ ಎಷ್ಟು ಜನ ಅದಕ್ಕೆ ಬಾಡಿಯ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನೇ ಹಾಕಿಕೊಂಡು ತಿರುಗುತ್ತೇವೆ? ಆ ಲೆನ್ಸ್ ಜೂಮಿನ ತುದಿಯಲ್ಲಿ ಎಫ್ 5.6 (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬೆಳಕು ಹೆಚ್ಚು). ಕಾಂಪ್ಯಾಕ್ಟ್‌ನ ಲೆನ್ಸ್ ತುದಿಯಲ್ಲೂ ಎಫ್ 2.8 ಉಳಿಸಿಕೊಂಡರೆ ಸೆನ್ಸರಿನ ಪ್ರತಿ ಚದರ ಮಿಲಿಮೀಟರಿಗೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಮೂರರ ಕೊರತೆಯನ್ನು ನಾಲ್ಕು ತುಂಬಿಕೊಡುತ್ತದೆ. ನಾನು ಇದನ್ನು ಹೇಳಿದಾಗ ಒಬ್ಬರು ಟೀ ಲೋಟ ಕೆಳಗಿಟ್ಟು ನಕ್ಕರು. ಎರಡರಲ್ಲೂ ಒಂದೇ ಕೋಣೆಯಲ್ಲಿ ತೆಗೆದ ಚಿತ್ರ ಮುಂದಿಟ್ಟೆ. ಯಾವುದು ಯಾವುದೆಂದು ಗುರುತಿಸಲು ಹೋಗಿ ತಪ್ಪು ಹೇಳಿದರು. 50 ಎಂಎಂ ಎಫ್ 1.8 ಹಾಕಿದ ಡಿಎಸ್‌ಎಲ್‌ಆರ್ ಮುಂದೆ ಮಾತ್ರ ನನ್ನ ಕ್ಯಾಮೆರಾ ಸೋಲುತ್ತದೆ, ಅದರಲ್ಲಿ ವಾದವಿಲ್ಲ.

ಹೀಗಾಗಿ ಆಯ್ಕೆ ನಾಲ್ಕೈದಕ್ಕೆ ಇಳಿಯಿತು. ಸೋನಿ ಆರ್‌ಎಕ್ಸ್100 ಮೊದಲು ಬಂದದ್ದು 2012ರಲ್ಲಿ. ಅದರ ಲೆನ್ಸ್ 28-100, ಆರಂಭದಲ್ಲಿ ಎಫ್ 1.8, ತುದಿಗೆ ಹೋದರೆ ಎಫ್ 4.9, ಬೆಳಕು ಏಳನೆಯ ಒಂದು ಪಾಲಿಗೆ ಕುಸಿಯುತ್ತದೆ. 2014ರ ಮೂರನೆಯ ಮಾದರಿಯಲ್ಲಿ 24-70 ಲೆನ್ಸ್, ಎಫ್ 1.8ರಿಂದ 2.8. ಅದೇ ವರ್ಷದ ಕ್ಯಾನನ್ ಜಿ7ಎಕ್ಸ್ 24-100 ಇದ್ದೂ 2.8ಕ್ಕೇ ನಿಲ್ಲುತ್ತದೆ, ಆದರೆ ಕಣ್ಣಿಗೆ ಹಚ್ಚಿ ನೋಡುವ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣುವುದಿಲ್ಲ, ಅದಕ್ಕಾಗಿ ಬಿಟ್ಟೆ. ಪ್ಯಾನಸಾನಿಕ್ ಎಲ್‌ಎಕ್ಸ್100 ಎಲ್ಲಕ್ಕಿಂತ ಒಳ್ಳೆಯದಿತ್ತು, ಸೆನ್ಸರೂ ದೊಡ್ಡದು. ಆದರೆ ಬಾಡಿಯೊಳಗೆ ಫ್ಲ್ಯಾಶ್ ಇಲ್ಲ, ಮೇಲೆ ಸಿಕ್ಕಿಸಿಕೊಳ್ಳಬೇಕು. ರಿಕೋ ಜಿಆರ್ ಬೀದಿಚಿತ್ರ ತೆಗೆಯುವವರಿಗೆ ಪ್ರಾಣ. ಒಂದೇ 28 ಎಂಎಂ ಹಿಡಿದುಕೊಂಡು ನಾಮಕರಣಕ್ಕೆ ಹೋಗುವ ಧೈರ್ಯ ನನಗಿಲ್ಲ. ಮೂರನೆಯ ಆರ್‌ಎಕ್ಸ್100 ಕೊಂಡೆ.

ಸೆಕೆಂಡ್ ಹ್ಯಾಂಡ್ ನೋಡುವ ವಿದ್ಯೆಯನ್ನು ಸ್ವಲ್ಪ ಹೇಳುತ್ತೇನೆ. ಅಂಗಡಿಗೆ ನನ್ನದೇ ಮೆಮೊರಿ ಕಾರ್ಡ್ ಮತ್ತು ಹಳೆಯ ದಿನಪತ್ರಿಕೆ ಒಯ್ದಿದ್ದೆ. ಪತ್ರಿಕೆಯನ್ನು ಗೋಡೆಗೆ ಹಚ್ಚಿ, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಪೂರ್ತಿ ತೆರೆದು ತೆಗೆದು, ನಾಲ್ಕು ಮೂಲೆಗಳ ಅಕ್ಷರ ಹೋಲಿಸಿದೆ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಕ್ಯಾಮೆರಾ ಯಾವಾಗಲೋ ಕೆಳಗೆ ಬಿದ್ದಿದೆ. ಹೊರಗೆ ಬಂದು ಅತಿ ಚಿಕ್ಕ ಅಪರ್ಚರಿನಲ್ಲಿ ಬರಿಯ ಆಕಾಶ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಲೆಯಾಗಿ ಕಾಣುತ್ತದೆ. ಲೆನ್ಸನ್ನು ಹತ್ತಾರು ಸಲ ಒಳಗೆ ಹೊರಗೆ ಓಡಿಸಿ ಕಿವಿಗೊಟ್ಟೆ. ಮರಳು ತಿರುವಿದ ಸದ್ದು ಬಂದ ಎರಡನ್ನು ಅಲ್ಲೇ ಬಿಟ್ಟೆ. ಕೊಂಡದ್ದರ ಮೈಮೇಲೆ ಗೀರುಗಳಿದ್ದವು. ಗೀರಿಗೆ ಎರಡು ಸಾವಿರ ಇಳಿಸಿದರು, ಚಿತ್ರದಲ್ಲಿ ಗೀರು ಬರುವುದಿಲ್ಲ. ಮನೆಗೆ ತಂದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ಒಂದು ಬೆಳಗ್ಗೆ ಕಳೆದೆ. ಪುರಾತತ್ವ ಇಲಾಖೆಯ ಸುಪರ್ದಿನ ಗುಡಿ, ಟ್ರೈಪಾಡಿಗೆ ಅನುಮತಿ ಬೇಕು, ಕೈಯಲ್ಲಿ ಹಿಡಿದರೆ ಯಾರೂ ಕೇಳುವುದಿಲ್ಲ. ಕಲ್ಯಾಣ ಮಂಟಪದ ಕಂಬಗಳ ನವುರಾದ ಕೆತ್ತನೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಏರಿಸಿದಷ್ಟೂ ಚಿತ್ರ ಒರಟು) 1600ರಲ್ಲೂ ಕರಗದೆ ಬಂತು. 3200 ನನಗೆ ಎಲ್ಲೆ.

ಈಗ ಮುಖ್ಯ ಸಂಗತಿ. ಅಭಿಜಿನ್ ಲಗ್ನದ ಮದುವೆ, ದೇವಸ್ಥಾನದ ಅಂಗಳ, ನೆತ್ತಿಯ ಮೇಲೆ ಸೂರ್ಯ. ವಧುವಿನ ಕಣ್ಣುಗುಳಿಯಲ್ಲಿ ಕಪ್ಪು, ವರನ ಪೇಟದ ನೆರಳು ಮೂಗಿನವರೆಗೆ. ಡಿಎಸ್‌ಎಲ್‌ಆರ್‌ನಲ್ಲಿ ಫ್ಲ್ಯಾಶ್ ಹೊಂದಿಕೊಳ್ಳುವುದು ಸೆಕೆಂಡಿನ 1/200 ಅಥವಾ 1/250 ಶಟರ್ ವೇಗದವರೆಗೆ ಮಾತ್ರ; ಅದರಾಚೆ, ಫ್ಲ್ಯಾಶ್ ಸರಣಿಯಾಗಿ ಮಿನುಗುವ ಹೈಸ್ಪೀಡ್ ಸಿಂಕ್‌ಗೆ ಹೋದರೆ ಫ್ಲ್ಯಾಶಿನ ಶಕ್ತಿಯೆಲ್ಲ ಸೋರಿಹೋಗುತ್ತದೆ. ಈ ಕಾಂಪ್ಯಾಕ್ಟ್‌ಗಳಲ್ಲಿ ಶಟರ್ ಇರುವುದು ಲೆನ್ಸಿನೊಳಗೆ, ಲೀಫ್ ಶಟರ್. 1/1000ದಲ್ಲೂ ಫ್ಲ್ಯಾಶ್ ಪೂರ್ತಿ ಹೊಂದುತ್ತದೆ, 1/2000ದಲ್ಲೂ ಕೆಲಸ ನಡೆಯುತ್ತದೆ. ಐಎಸ್‌ಒ 125, ಎಫ್ 5.6, 1/1000: ಕಡುಬಿಸಿಲಿಗೆ ಸರಿಯಾದ ಎಕ್ಸ್‌ಪೋಷರ್. ಅಷ್ಟು ಪುಟ್ಟ ಫ್ಲ್ಯಾಶ್ ಹೊಡೆದರೆ ಕಣ್ಣುಗುಳಿಯ ಕಪ್ಪು ಹೋಗುತ್ತದೆ, ಆಕಾಶದ ನೀಲಿ ಉಳಿಯುತ್ತದೆ. ಷರತ್ತು ಒಂದೇ, ನಾಲ್ಕು ಅಡಿಯೊಳಗೆ ಇರಬೇಕು. ಕೈವಾರದ ಕಡೆ ಒಂದು ಮದುವೆಯಲ್ಲಿ ನಾನು ಹೀಗೆ ತೆಗೆದ ಚಿತ್ರ ನೋಡಿ, ದೊಡ್ಡ ಸಾಫ್ಟ್‌ಬಾಕ್ಸ್ ಹೊತ್ತು ತಂದಿದ್ದ ಹುಡುಗ “ಅಣ್ಣ, ರಿಫ್ಲೆಕ್ಟರ್ ಯಾರು ಹಿಡಿದಿದ್ದರು?” ಎಂದು ಕೇಳಿದ. ನಾನು ಹೇಳಲಿಲ್ಲ. ಇವತ್ತು ಇಲ್ಲಿ ಹೇಳಿದ್ದೇನೆ. ಮೊಬೈಲಿನಲ್ಲಿ ಇದು ಆಗದು, ಅದರದು ಎಲ್‌ಇಡಿ ದೀಪ, ಸೂರ್ಯನ ಮುಂದೆ ಅದಕ್ಕೆ ಬಲವಿಲ್ಲ.

ಮನೆಯೊಳಗಾದರೆ ಬೇರೆ ದಾರಿ. ಮೇಲೆದ್ದ ಫ್ಲ್ಯಾಶನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸಿ ಹಿಡಿದರೆ ಬೆಳಕು ಚಾವಣಿಗೆ ಬಡಿದು ಇಳಿಯುತ್ತದೆ. ಹತ್ತು ಅಡಿಯ ಬಿಳಿ ಚಾವಣಿ ಇದ್ದರೆ ಐಎಸ್‌ಒ 800, ಎಫ್ 2ರಲ್ಲಿ ಸೊಗಸು. ಹೊಸ ಮನೆಗಳಲ್ಲಿ ಚಾವಣಿಗೆ ಗುಲಾಬಿ ಬಣ್ಣ ಬಳಿಸುವವರಿದ್ದಾರೆ. ಅಲ್ಲಿ ಮನೆಮಂದಿಯೆಲ್ಲ ಗುಲಾಬಿ. ಕಲ್ಯಾಣ ಮಂಟಪದ ಎತ್ತರಕ್ಕೆ ಈ ಫ್ಲ್ಯಾಶ್ ಮುಟ್ಟುವುದೇ ಇಲ್ಲ.

ಅಂಥ ಕಡೆಗೆಂದು ಬೆಳಕು ಮೆದುವಾಗಿಸಲು ಏನೇನೋ ಹಚ್ಚಿ ನೋಡಿದೆ. ಬಟರ್ ಪೇಪರ್ ಪರವಾಗಿಲ್ಲ. ಹಾಲಿನ ಪೊಟ್ಟಣದ ತುಂಡು ನೀಲಿ ಕೊಟ್ಟಿತು. ನನ್ನ ಬಾವ ಶಿಡ್ಲಘಟ್ಟದಲ್ಲಿ ರೀಲರ್, ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೊಳೆದದ್ದು ರೇಷ್ಮೆ ಗೂಡು. ನೂಲಿಗೆ ಬಾರದ, ತೂತು ಬಿದ್ದ ದ್ವಿತಳಿ ಗೂಡನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಫ್ಲ್ಯಾಶಿಗೆ ಕವುಚಿದೆ. ಅಳತೆ ತೆಗೆದು ಹೊಲಿದಂತೆ ಕೂತಿತು! ಬೆಳಕು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಇಳಿಯಿತು, ಆದರೆ ಮಗುವಿನ ಕೆನ್ನೆಯ ಮೇಲಿನ ಬಿಳಿ ಹೊಳಪು ಮಾಯ. ದ್ವಿತಳಿ ಬಿಳಿ ಇರುವುದರಿಂದ ಬಣ್ಣ ಕೆಡಲಿಲ್ಲ. ಮಿಶ್ರತಳಿಯ ಹಳದಿ ಗೂಡನ್ನು ಹಚ್ಚಿದರೆ ದೀಪದ ಬೆಳಕಿನ ಕಾವು ಬರುತ್ತದೆ. ಸಂಜೆಯ ಆರತಿಗೆ ಅದನ್ನೇ ಬಳಸುತ್ತೇನೆ. “ಗೂಡಿನ ದರ ಇಳಿದರೆ ನಿನಗೇ ಮಾರುತ್ತೇವೆ ಬಿಡು,” ಎಂದರು ಬಾವ. ಗೂಡನ್ನು ಕೂರಿಸುವ ಕ್ಲಿಪ್ಪನ್ನು ಯಾವುದರಿಂದ ಮಾಡಿದ್ದೇನೆ ಎಂಬುದು ನನ್ನಲ್ಲೇ ಇರಲಿ, ಹಾಗೆಯೇ ಚರ್ಮದ ಬಣ್ಣಕ್ಕೆ ನಾನು ಹಾಕುವ ಅಂಕಿಗಳೂ.

ಗಿರಾಕಿಗಳ ಅನುಮಾನ ಮಾತ್ರ ನಮ್ಮವರದಕ್ಕಿಂತ ಗಟ್ಟಿ. “ದೊಡ್ಡ ಕ್ಯಾಮೆರಾ ತಂದಿಲ್ಲವೇನಪ್ಪ?” ಎಂದು ಹಿರಿಯರು ಬಾಗಿಲಲ್ಲೇ ಕೇಳುತ್ತಾರೆ. ಮೊದಮೊದಲು ಮುಂಗಡ ವಾಪಸು ಕೊಟ್ಟ ಪ್ರಸಂಗವೂ ಇದೆ. ಈಗ ಮಾತುಕತೆಗೆ ಹೋಗುವಾಗಲೇ ಇದೇ ಕ್ಯಾಮೆರಾದ 12 × 36 ಇಂಚಿನ ಆಲ್ಬಮ್ ಒಯ್ಯುತ್ತೇನೆ. 20 ಮೆಗಾಪಿಕ್ಸೆಲ್ ಎಂದರೆ 5472 × 3648. ಆಲ್ಬಮ್ಮಿನ ಅರ್ಧ ಹಾಳೆ 12 × 18 ಇಂಚು, 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಗೆ, ಬೇಕಾದದ್ದು 5400 × 3600. ಸರಿಯಾಗಿ ತುಂಬುತ್ತದೆ. ಇದಕ್ಕಿಂತ ಹೆಚ್ಚಿನ ಮೆಗಾಪಿಕ್ಸೆಲ್‌ಗೆ ದುಡ್ಡು ಕೊಟ್ಟು ಹಾರ್ಡ್ ಡಿಸ್ಕ್ ತುಂಬಿಸುವ ಉಮೇದು ನನಗಿಲ್ಲ.

ತೊಂದರೆಗಳೂ ಇವೆ. ಪೂರ್ತಿ ಶಕ್ತಿಯ ಫ್ಲ್ಯಾಶ್ ಹೊಡೆದ ಮೇಲೆ ಮತ್ತೆ ತುಂಬಿಕೊಳ್ಳಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಅಕ್ಷತೆ ಬಿದ್ದು ಮುಗಿದಿರುತ್ತದೆ. ಆದ್ದರಿಂದ ಧಾರೆಯ ಹೊತ್ತಿಗೆ ಫ್ಲ್ಯಾಶ್ ಆರಿಸಿ ಐಎಸ್‌ಒ ಏರಿಸಿಕೊಳ್ಳುತ್ತೇನೆ. ಬ್ಯಾಟರಿಗೆ ಮುನ್ನೂರು ಚಿತ್ರ ಎಂದು ಲೆಕ್ಕ, ಫ್ಲ್ಯಾಶ್ ಬಳಸಿದರೆ ಇನ್ನೂರೂ ಕಷ್ಟ. ಅಗ್ಗದ ನಕಲಿ ಬ್ಯಾಟರಿ ಊದಿಕೊಂಡು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅಸಲಿ ನಾಲ್ಕು ಇಟ್ಟಿದ್ದೇನೆ. ಐನೂರು ಜನರ ಆರತಕ್ಷತೆಗೆ ಇವತ್ತಿಗೂ ಡಿಎಸ್‌ಎಲ್‌ಆರ್‌ಗಳನ್ನೇ ಹೊರುತ್ತೇನೆ.

ಹೊಸದಾಗಿ ಕಲಿಯುವ ಹುಡುಗರು ಸ್ಟುಡಿಯೋಕ್ಕೆ ಬಂದು ಇದೇ ಕ್ಯಾಮೆರಾ ಬೇಕೆನ್ನುತ್ತಾರೆ. ಬೇಡ ಎನ್ನುತ್ತೇನೆ. ಕಲಿಯುವುದಕ್ಕೆ 2007ರ ಕ್ಯಾನನ್ ಎ570 ಐಎಸ್‌ನಂಥದು ಸಾಕು. ಮೂರು ನಾಲ್ಕು ಸಾವಿರಕ್ಕೆ ಸಿಕ್ಕೀತು, ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ, ಶಟರ್, ಅಪರ್ಚರ್ ಎರಡನ್ನೂ ಕೈಯಾರೆ ತಿರುಗಿಸಬಹುದು. ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶವನ್ನು ಕಾರ್ಡಿಗೆ ಹಾಕಿದರೆ ರಾ ಫೈಲ್ ಕೂಡ ಕೊಡುತ್ತದೆ. ಒಂದು ಮಳೆಗಾಲವಿಡೀ ನಾನು ಅದರಲ್ಲೇ ಆಟವಾಡಿದೆ. ಹಳೆಯದನ್ನು ಕೊಳ್ಳುವಾಗ ಕಾರ್ಡ್ ಮೊದಲು ನೋಡಿ. ಎಕ್ಸ್‌ಡಿ ಕಾರ್ಡಿನ ಹಳೆಯ ಕ್ಯಾಮೆರಾ ಪುಕ್ಕಟೆ ಸಿಕ್ಕರೂ ಬೇಡ, ಕಾರ್ಡೇ ಸಿಗುವುದಿಲ್ಲ. ಎಸ್‌ಡಿ ಇದ್ದರೂ, ಎಸ್‌ಡಿಎಚ್‌ಸಿ ಕಾಲದ್ದು 32 ಜಿಬಿ ಮೀರಿದ ಕಾರ್ಡನ್ನು ಓದದು, ಅದಕ್ಕೂ ಹಿಂದಿನದು 2 ಜಿಬಿ ದಾಟದು.

ಈಗ ಕಾಲೇಜಿನವರಿಗೆ ಹಳೆಯ ಡಿಜಿಟಲ್ ಕ್ಯಾಮೆರಾದ ಹುಚ್ಚು ಹಿಡಿದು ದರವೆಲ್ಲ ಏರಿದೆ. ನನ್ನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಮೂರನ್ನು ಮಾರಿ ಹತ್ತು ಸಾವಿರದ ಹತ್ತಿರ ಮಾಡಿಕೊಂಡೆ. ನನ್ನದೇ ಮಾದರಿಯ ಇನ್ನೊಂದನ್ನು ಹುಡುಕುತ್ತಿದ್ದೇನೆ, 35 ಸಾವಿರಕ್ಕಿಂತ ಕೆಳಗೆ ಯಾರೂ ಬಾಯಿ ಬಿಡುತ್ತಿಲ್ಲ. ಮೊದಲನೆಯದನ್ನು ಕೊಟ್ಟ ಅಂಗಡಿಯವರು ದೀಪಾವಳಿ ಕಳೆದ ಮೇಲೆ ಬಾ ಎಂದಿದ್ದಾರೆ. ಆ ಅಂಗಡಿ ಬೆಂಗಳೂರಿನಲ್ಲಿ ಎಲ್ಲಿದೆ ಎಂದು ಮಾತ್ರ, ನಾನು ಕೊಂಡು ಮುಗಿಸುವವರೆಗೆ, ಯಾರೂ ಕೇಳಬೇಡಿ.