ಉರುಫ್ ಹಾಳೆ: ಆಲ್ಟಡೀನಾದ ಬೆಂಕಿ ಅರ್ಜಿಗಳಲ್ಲಿ ನನ್ನ ಅನುಭವ

"ಏನಮ್ಮಾ, ಇದನ್ನೇನು ತಿಪಟೂರು ತಾಲ್ಲೂಕು ಆಫೀಸು ಅಂದ್ಕೊಂಡ್ಯಾ?" ಅಂತ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ನನ್ನ ಉರುಫ್ ಹಾಳೆ ನೋಡಿ ಎಲ್ಲರೆದುರಿಗೂ ನಕ್ಕಿದ್ದರು. ಉರುಫ್ ಅಂದರೆ ಅಲಿಯಾಸ್. ಒಬ್ಬರಿಗೇ ಬೇರೆ ಬೇರೆ ಕಾಗದದಲ್ಲಿರುವ ಹೆಸರುಗಳನ್ನೆಲ್ಲ ಒಂದೆಡೆ ಬರೆದು, ಇವೆಲ್ಲ ಒಬ್ಬರೇ ಅಂತ ಹೇಳುವ ಹಾಳೆ ಅದು. ಈಗ ಅವರೇ ಫೋನು ಮಾಡಿ ಆ ಹಾಳೆಯ ನಮೂನೆ ಕಳಿಸು ಅಂತಾರೆ. ಕಳಿಸಿದ್ದೇನೆ. ಬೇರೆಯವರೂ ಕೇಳುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2025ರ ಜನವರಿ 7ರ ಸಂಜೆ ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾದ ಪಕ್ಕ, ಈಟನ್ ಕಣಿವೆಯಲ್ಲಿ ಹತ್ತಿದ ಬೆಂಕಿ ಒಂಬತ್ತು ಸಾವಿರಕ್ಕೂ ಜಾಸ್ತಿ ಕಟ್ಟಡಗಳನ್ನು ತಿಂದಿತು. ನಾವಿರುವುದು ಪ್ಯಾಸಡೀನಾದ ಒಂದು ಅಪಾರ್ಟ್‌ಮೆಂಟಿನಲ್ಲಿ. ಮನೆ ಉಳಿಯಿತು, ಹೊಗೆ ಉಳಿಯಗೊಡಲಿಲ್ಲ. ಹತ್ತು ದಿನ ಹೋಟೆಲ್ಲಿನಲ್ಲಿದ್ದೆವು. ಎಲ್ಲರೂ ಹಾಕುತ್ತಿದ್ದಾರೆ ಅಂತ ನನ್ನ ಗಂಡನೂ ಅಮೆರಿಕ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ ಫೆಮಾಗೆ ಅರ್ಜಿ ಹಾಕಿದರು, ಅದು ತಿರಸ್ಕಾರವಾಯಿತು. ಅವರ ಹಾಗೆ ಎಚ್ ಒನ್ ಬಿ ಕೆಲಸದ ವೀಸಾದಲ್ಲಿರುವವರಿಗೆ ಆ ನಗದು ನೆರವು ಸಿಗುವುದಿಲ್ಲ. ಕಾಗದವಿಲ್ಲದೆ ಬಂದವರಿಗೂ ಸಿಗುವುದಿಲ್ಲ. ಅಂದರೆ ಈ ವಿಷಯದಲ್ಲಿ ನಮ್ಮ ಸಾಫ್ಟ್‌ವೇರ್ ಇಂಜಿನಿಯರೂ, ನಮ್ಮ ಬೀದಿಯ ಹುಲ್ಲು ಕತ್ತರಿಸುವ ಮೆಕ್ಸಿಕೋದ ಅಣ್ಣನೂ ಒಂದೇ ಸಾಲು. ಆದರೆ ಮನೆಯಲ್ಲಿ ಅಮೆರಿಕದಲ್ಲೇ ಹುಟ್ಟಿದ, 18 ತುಂಬದ ಮಗುವಿದ್ದರೆ ಅದರ ಪರವಾಗಿ ಹೆತ್ತವರು ಅರ್ಜಿ ಹಾಕಬಹುದು. ಮಗಳ ಹೆಸರಲ್ಲಿ ಹಾಕಿದಾಗ ತುರ್ತು ಖರ್ಚಿನ 770 ಡಾಲರ್ ಬಂತು. ನನ್ನದು ಎಚ್ ಫೋರ್, ಅಂದರೆ ಗಂಡನ ಜೊತೆ ಬಂದ ಹೆಂಡತಿಯ ವೀಸಾ, ಕೆಲಸ ಮಾಡುವ ಹಾಗಿಲ್ಲ. ಕೈಯಲ್ಲಿ ಸಮಯವಿತ್ತು. ಸುತ್ತಲಿನ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳಿಗೂ ಹೀಗೇ ಅರ್ಜಿ ಹಾಕಿಕೊಡೋಣ ಅಂತ ಈ ದಾರಿಗೆ ಬಿದ್ದೆ.

ಮೊದಲ ಮೂರು ವಾರ ಮಾಡಿದ್ದೆಲ್ಲ ದಂಡ. ಕಂಪ್ಯೂಟರಿನ ಸ್ಪ್ಯಾನಿಷ್‌ನಲ್ಲಿ ಕರಪತ್ರ ಮಾಡಿಸಿ ಐನೂರು ಪ್ರತಿ ಹಂಚಿದೆ, ಸುಮಾರು ತೊಂಬತ್ತು ಡಾಲರ್ ಹೋಯಿತು. ಒಬ್ಬರೂ ಬರಲಿಲ್ಲ. ಪಕ್ಕದ ಬಿಲ್ಡಿಂಗಿನ ಕಾಲೇಜು ಹುಡುಗಿ ಓದಿ ನಕ್ಕಳು. ಕೋರ್ಟಿನ ಸಮನ್ಸ್ ಇದ್ದ ಹಾಗಿದೆಯಂತೆ, ಮೇಲೆ ನಾನು ಅಂದಕ್ಕೆ ಅಂತ ಹಾಕಿದ್ದ ಹದ್ದಿನ ಚಿತ್ರ ಬೇರೆ! ಆಮೇಲೆ ಅವಳದೇ ದನಿಯಲ್ಲಿ ನಲವತ್ತು ಸೆಕೆಂಡಿನ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿಸಿ ಬಿಟ್ಟೆವು. ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಒಂದು ಮೇಜು ಹಾಕಿಕೊಂಡು ಕೂತೆವು. ಮಷಿನ್ ತಿರುಗುವ ಮುಕ್ಕಾಲು ಗಂಟೆ ಜನ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಆ ಶನಿವಾರ ಹನ್ನೊಂದು ಕುಟುಂಬ ಬಂದವು.

ಅರ್ಜಿ ಹಾಕಿದೆವು. ಮಾರ್ಚ್ 31ರ ಕೊನೆ ದಿನದೊಳಗೆ ಅರವತ್ತರ ಹತ್ತಿರ ಆಗಿರಬೇಕು. ಆಮೇಲೆ ತಿರಸ್ಕಾರದ ಪತ್ರಗಳು ಬರತೊಡಗಿದವು. ಇಪ್ಪತ್ತೈದೋ ಇಪ್ಪತ್ತಾರೋ. ನಮ್ಮ ಜೊತೆಯಲ್ಲಿದ್ದವರು ಕೈಚೆಲ್ಲಿದರು. ನಾನು ಪತ್ರಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಗುರುತು ಖಾತ್ರಿಯಾಗಿಲ್ಲ, ವಾಸ ಖಾತ್ರಿಯಾಗಿಲ್ಲ, ಮತ್ತೆ ಗುರುತು ಖಾತ್ರಿಯಾಗಿಲ್ಲ. ತಪ್ಪು ನಮ್ಮದೇ, ಹೆಸರು ತುಂಬಿದ್ದರಲ್ಲಿತ್ತು.

ಸ್ಪ್ಯಾನಿಷ್ ಮಾತಾಡುವ ಈ ಜನರಲ್ಲಿ ಹೆಸರಿನ ಕೊನೆಗೆ ಎರಡು ಮನೆತನದ ಹೆಸರಿರುತ್ತದೆ. ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಮರಿಯಾ ಗಾರ್ಸಿಯಾ ಲೋಪೆಸ್ ಅಂತ ಒಬ್ಬಾಕೆ ಅಂದುಕೊಳ್ಳಿ. ಬಾಡಿಗೆ ಕರಾರಿನಲ್ಲಿ ಮರಿಯಾ ಗಾರ್ಸಿಯಾ. ಕರೆಂಟ್ ಬಿಲ್ಲಿನಲ್ಲಿ ಮರಿಯಾ ಲೋಪೆಸ್. ಮಗುವಿನ ಜನನ ಪತ್ರದಲ್ಲಿ ಮರಿಯಾ ಜಿ. ಲೋಪೆಸ್. ಕೆಲಸಕ್ಕೆ ಹೋಗುವ ಮನೆಯಲ್ಲಿ ಮೇರಿ. ನಾಲ್ಕು ಕಾಗದ, ಕಂಪ್ಯೂಟರಿಗೆ ನಾಲ್ಕು ಹೆಂಗಸರು.

ಇದು ನಮಗೆ ಹೊಸದೇನೂ ಅಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಗೆ ಅಪ್ಪನ ಹೆಸರು, ಗಂಡನದ್ದರಲ್ಲಿ ಊರಿನ ಹೆಸರು, ಮಗಳಿಗೆ ಗಂಡನ ಹೆಸರೇ ಮನೆತನದ ಹೆಸರು. ಇನಿಷಿಯಲ್ ಬಿಡಿಸಿ ಬರೆಯಲು ಹೋಗಿ ಪಾಡು ಪಟ್ಟವರು ನಮ್ಮಲ್ಲಿ ಯಾರಿಲ್ಲ?

ಅಪ್ಪಾಜಿಗೆ ಫೋನು ಮಾಡಿದೆ. ಮೂವತ್ತು ವರ್ಷ ತಿಪಟೂರಿನಲ್ಲಿ ಜನರಿಗೆ ಕ್ರಯಪತ್ರ, ಕರಾರುಪತ್ರ ಬರೆದುಕೊಟ್ಟವರು ಅವರು, ಛಾಪಾ ಕಾಗದದಲ್ಲೇ ನನ್ನನ್ನು ಓದಿಸಿದವರು. ಕಥೆಯನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು, "ಉರುಫ್ ಬರೆದ್ಯಾ ಪುಟ್ಟಿ?"

ಅಷ್ಟೇ. ರಾಮಯ್ಯ ಉರುಫ್ ರಾಮಪ್ಪ ಬಿನ್ ಕರಿಯಪ್ಪ. ಊರಲ್ಲಿ ಒಬ್ಬನ ಪಹಣಿಯಲ್ಲೊಂದು ಹೆಸರು, ರೇಷನ್ ಕಾರ್ಡಲ್ಲೊಂದು ಹೆಸರು ಇದ್ದರೆ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡುವುದಿಲ್ಲವೇ? ಅದನ್ನೇ ಇಲ್ಲಿ ಒಂದು ಹಾಳೆ ಮಾಡಿದೆ. ಎಡಕ್ಕೆ ಯಾವ ಕಾಗದ, ಮಧ್ಯೆ ಅದರಲ್ಲಿ ಹೆಸರು ಹೇಗಿದೆ ಅಕ್ಷರಕ್ಕೆ ಅಕ್ಷರ, ಬಲಕ್ಕೆ ಯಾಕೆ ಹಾಗಿದೆ. ಕೆಳಗೆ, ಇವೆಲ್ಲ ಒಬ್ಬಳೇ, ಈ ಮಗುವಿನ ತಾಯಿ, ಈ ಮನೆಯಲ್ಲಿದ್ದವಳು ಅಂತ ಘೋಷಣೆ ಮತ್ತು ಸಹಿ. ಇಲ್ಲಿನವರು ಉರುಫ್‌ಗೆ ಏಕೆಏ (ಆಲ್ಸೋ ನೋನ್ ಆ್ಯಸ್) ಅಂತಾರೆ, ಹಾಳೆಯಲ್ಲಿ ಅದನ್ನೇ ಬರೆದೆ. ನಮ್ಮ ಗುಂಪಿನಲ್ಲಿ ಮಾತ್ರ ಅದು ಉರುಫ್ ಹಾಳೆಯೇ. ಆ ಕಾಲೇಜು ಹುಡುಗಿಯೂ ಈಗ ಉರುಫ್ ಅನ್ನುತ್ತಾಳೆ!

ಇಲ್ಲೂ ದುಡ್ಡು ಕಳೆದೆ. ಊರಿನ ಅಭ್ಯಾಸ, ಮೊಹರು ಬೀಳದಿದ್ದರೆ ಸಮಾಧಾನವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೋಟರಿಗಳು ಒಂದು ಸಹಿಗೆ 15 ಡಾಲರ್‌ವರೆಗೆ ತಗೊಳ್ಳಬಹುದು. ಹದಿನೆಂಟು ಹಾಳೆಗೆ ಕೊಟ್ಟ ಮೇಲೆ ಗೊತ್ತಾಯಿತು, ಸುಳ್ಳಾದರೆ ಶಿಕ್ಷೆಗೆ ಬದ್ಧ ಅನ್ನುವ ಒಂದು ಸಾಲು, ತಾರೀಖು, ಸಹಿ ಇದ್ದರೆ ಇಂಥದ್ದಕ್ಕೆ ನೋಟರಿಯೇ ಬೇಡ ಅಂತ. ಇನ್ನೂರ ಎಪ್ಪತ್ತು ಡಾಲರ್ ನೀರಲ್ಲಿ ಹೋಮ. ನೋಟರಿ ಅಂದಾಗ ನೆನಪಾಯಿತು, ಮೆಕ್ಸಿಕೋದಂಥ ದೇಶಗಳಲ್ಲಿ ನೋಟಾರಿಯೋ ಅಂದರೆ ವಕೀಲನಷ್ಟೇ ದೊಡ್ಡ ಮನುಷ್ಯ. ಇಲ್ಲಿ ನೋಟರಿ ಸಹಿಗೆ ಸಾಕ್ಷಿ, ಅಷ್ಟೇ. ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಒಂದು ಕುಟುಂಬ ನಮ್ಮಲ್ಲಿಗೆ ಬರುವ ಮುಂಚೆ ಅಂಥವನೊಬ್ಬನಿಗೆ ಆರುನೂರು ಡಾಲರ್ ಕೊಟ್ಟು ಬಂದಿತ್ತು. ಅವನು ಮಾಡಿಕೊಟ್ಟಿದ್ದು ಬಿಟ್ಟಿ ಸಿಗುವ ಅರ್ಜಿ.

ತಿರಸ್ಕಾರದ ಪತ್ರದ ತಾರೀಖಿನಿಂದ 60 ದಿನದೊಳಗೆ ಅಪೀಲು ಹೋಗಬೇಕು. ಉರುಫ್ ಹಾಳೆ ಸೇರಿಸಿ ಹತ್ತೊಂಬತ್ತು ಕಳಿಸಿದೆವು. ಹದಿನಾಲ್ಕು ಪಾಸಾದವು. ಹದಿಮೂರಿದ್ದರೂ ಇರಬಹುದು, ಡೈರಿ ಗಂಡನ ಕಾರಿನಲ್ಲಿದೆ. ಹಾಳೆ ಇಲ್ಲದೆ ಮೊದಲು ಕಳಿಸಿದ್ದ ಆರರಲ್ಲಿ ಪಾಸಾದದ್ದು ಒಂದೇ ಒಂದು. ಅಪೀಲು ಪತ್ರದ ಮೊದಲ ಎರಡು ಸಾಲು ಹೇಗೆ ಬರೆಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಒಂದು ಶನಿವಾರ ಬಂದು ಪಕ್ಕದಲ್ಲಿ ಕೂತರೆ ತೋರಿಸುತ್ತೇನೆ.

ಹಿತ್ತಲ ಮನೆಗಳದ್ದು ಬೇರೆಯದೇ ತಲೆನೋವು. ಮುಂದೆ ಮಾಲೀಕರು, ಹಿಂದೆ ಗ್ಯಾರೇಜನ್ನೇ ಮನೆ ಮಾಡಿಕೊಂಡ ಎರಡು ಕುಟುಂಬ, ಎಲ್ಲರಿಗೂ ಒಂದೇ ವಿಳಾಸ. ಮೊದಲು ಹಾಕಿದವರ ಅರ್ಜಿ ಹೋಗುತ್ತದೆ, ಎರಡನೆಯದು ಅದೇ ಮನೆಯದು ಅಂತ ನಿಲ್ಲುತ್ತದೆ. ಇಲ್ಲೂ ಅಪ್ಪಾಜಿಯದೇ ವಿದ್ಯೆ, ಚಕ್ಕುಬಂದಿ ಬರೆದೆ. ಪೂರ್ವಕ್ಕೆ ಮಾಲೀಕರ ಅಡುಗೆಮನೆ ಗೋಡೆ, ಪಶ್ಚಿಮಕ್ಕೆ ನಿಂಬೆ ಗಿಡ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇನ್ನೊಂದು ಬಾಡಿಗೆ ಮನೆ, ಬಾಗಿಲು ಬೇರೆ, ಒಲೆ ಬೇರೆ. ಬೆಂಕಿಗೆ ಮುಂಚಿನ ಉಪಗ್ರಹ ಚಿತ್ರ ಪ್ರಿಂಟ್ ಹಾಕಿ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ನಿಂಬೆ ಗಿಡ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಿತ್ತು. ನಾಲ್ಕರಲ್ಲಿ ಮೂರು ಆದವು. ನಾಲ್ಕನೆಯವರ ಮಾಲೀಕರು ಇವರು ಬಾಡಿಗೆಗಿದ್ದರು ಅಂತ ಪತ್ರ ಕೊಡಲು ಹೆದರಿದರು, ಅನುಮತಿ ಇಲ್ಲದೆ ಕಟ್ಟಿದ್ದರೇನೋ.

ನಡುವೆ ಇನ್ನೊಂದು ಪ್ರಯೋಗ. ತೋಟದ ಕೆಲಸದವರಿಗೆ ಹೊಡೆತ ಎರಡು. ಟ್ರಕ್ಕು, ಬ್ಲೋವರ್, ಮಷಿನ್ ಸುಟ್ಟವು, ಜೊತೆಗೆ ಕೆಲಸ ಕೊಡುತ್ತಿದ್ದ ಮನೆಗಳೂ ಸುಟ್ಟವು. 2024ರ ಮಾರ್ಚ್‌ನಿಂದ ಫೆಮಾ ನಿಯಮ ಬದಲಾಗಿ, ಸ್ವಂತ ದುಡಿಮೆಯವರ ಉಪಕರಣಕ್ಕೂ ನೆರವು ಕೇಳಬಹುದು. ಗ್ರೀನ್ ಕಾರ್ಡ್ ಇದ್ದ ಮೂವರಿಗೆ ಹಾಕಿದೆವು. ರಸೀದಿಗಳಂತೂ ಬೂದಿ. ಮಕ್ಕಳ ಹುಟ್ಟುಹಬ್ಬದ ಫೋಟೋಗಳ ಹಿಂದೆ ನಿಂತಿದ್ದ ಮಷಿನ್‌ಗಳನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿದೆವು, ತೆರಿಗೆ ಪತ್ರದಲ್ಲಿ ಸ್ವಂತ ದುಡಿಮೆಯ ಲೆಕ್ಕ ತೋರಿಸುವ ಶೆಡ್ಯೂಲ್ ಸಿ ಹಾಳೆಯನ್ನೂ ಜೊತೆಗಿಟ್ಟೆವು. ಒಬ್ಬರಿಗೆ ಬಂತು, ಇಬ್ಬರಿಗೆ ಇಲ್ಲ. ಇದು ನನ್ನ ಕೈಗೆ ಇನ್ನೂ ಹತ್ತಿಲ್ಲ.

ದೇಣಿಗೆ ಬಟ್ಟೆ ಮಾತ್ರ ದಯವಿಟ್ಟು ಕೇಳಬೇಡಿ. ಬಳಗದವರು ಕೊಟ್ಟ ಹದಿನೇಳು ಚೀಲದಲ್ಲಿ ಅರ್ಧ ರೇಷ್ಮೆ ಕುರ್ತಾ! ಕೊನೆಗೆ ಎಲ್ಲರೂ ದುಡ್ಡೇ ಹಾಕಿದರು, ಎರಡು ಸಾವಿರದ ನಾನೂರು ಚಿಲ್ಲರೆ ಕೂಡಿತು. ಎಲ್ಲ ಕಡೆ ನಡೆಯುವ ಗಿಫ್ಟ್ ಕಾರ್ಡ್ ತಂದರೆ ಒಂದೊಂದಕ್ಕೂ ಐದಾರು ಡಾಲರ್ ಶುಲ್ಕ ಹೋಗುತ್ತದೆ. ದಿನಸಿ ಅಂಗಡಿಯದೇ ಕಾರ್ಡ್ ತಂದರೆ ಹೋಗುವುದಿಲ್ಲ. ಮೊದಲ ಹತ್ತು ಕಾರ್ಡಿಗೆ ನಾನು ದಂಡ ಕಟ್ಟಿದ್ದೇನೆ, ನೀವು ಕಟ್ಟಬೇಡಿ.

ಜೂನ್‌ನಲ್ಲಿ ಲಾಸ್ ಏಂಜಲೀಸ್ ಸುತ್ತ ವಲಸೆ ಅಧಿಕಾರಿಗಳ ದಾಳಿಗಳು ಶುರುವಾದ ಮೇಲೆ ಬಟ್ಟೆ ಒಗೆಯುವ ಅಂಗಡಿಯ ಮೇಜು ಬಿಕೋ ಅಂದಿತು. ಮಷಿನ್‌ಗಳೂ ಖಾಲಿ. ಉಳಿದ ಅಪೀಲುಗಳನ್ನು ಆ ಕುಟುಂಬಗಳ ಅಡುಗೆಮನೆಗಳಲ್ಲೇ ಕೂತು ಮುಗಿಸಿದೆವು. ಯಾರ ಕಾಗದದ ಫೋಟೋವನ್ನೂ ನನ್ನ ಫೋನಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅವರ ಫೋನಿನಲ್ಲೇ ತೆಗೆದು, ಅವರಿಂದಲೇ ಕಳಿಸುತ್ತೇನೆ. ನಿಧಾನ ಆಗುತ್ತದೆ, ಆಗಲಿ. ಒಂದು ಮನೆಯಲ್ಲಿ ತಮಾಲೆ ಕೊಟ್ಟರು. ಹಿಟ್ಟನ್ನು ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು, ಥೇಟ್ ನಮ್ಮ ಎಲೆಯಲ್ಲಿ ಬೇಯಿಸಿದ ಕಡುಬೇ. ಮುಂದಿನ ವಾರ ನಾನು ಕಡುಬು ಮಾಡಿ ಒಯ್ದೆ. ಖಾರ ಕಡಿಮೆ ಅಂದರು.

ಯಾವ ಹಾಳೆಗೂ ಬಗ್ಗದ್ದು ಒಬ್ಬ ಅಜ್ಜಿಯ ಪ್ರಕರಣ. ಇಪ್ಪತ್ತು ವರ್ಷ ಬೇರೆಯವರ ಮಕ್ಕಳನ್ನು ಸಾಕಿದವರು. ಸ್ವಂತ ಮಕ್ಕಳೆಲ್ಲ ಊರಲ್ಲೇ, ಮೆಕ್ಸಿಕೋದ ವಹಾಕದಲ್ಲಿ. ಮನೆಯಲ್ಲಿ ಇಲ್ಲಿ ಹುಟ್ಟಿದ ಮಗುವಿಲ್ಲ, ಹಾಗಾಗಿ ಅರ್ಜಿಗೆ ದಾರಿಯೇ ಇಲ್ಲ. ಅವರ ಮಾತು ಆ ಕಡೆಯ ಮೂಲನಿವಾಸಿಗಳ ಜಾಪೊಟೆಕ್, ಸ್ಪ್ಯಾನಿಷ್ ಕೂಡ ಅರೆಬರೆ. ನಮ್ಮ ಹುಡುಗಿಗೂ ಅವರಿಗೂ ನಡುವೆ ಮಾತಾಡಿಸಲು ಇನ್ನೊಬ್ಬರು ಬೇಕಾಯಿತು. 2017ರ ಟಬ್ಸ್ ಬೆಂಕಿಯಾದ ಮೇಲೆ ಸೊನೋಮಾ ಕೌಂಟಿಯಲ್ಲಿ ಅಂಡಾಕ್ಯುಫಂಡ್ ಅಂತ ನಿಧಿ ಶುರುವಾಗಿದ್ದು ಇಂಥ ಕಾಗದವಿಲ್ಲದವರಿಗಾಗಿಯೇ. ಇಲ್ಲಿ ಅವರನ್ನು ಪ್ಯಾಸಡೀನಾದ ದಿನಗೂಲಿ ಕೆಲಸಗಾರರ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಬೆಂಕಿಯಾದ ಮಾರನೆಯ ದಿನಗಳಲ್ಲೇ ಬೀದಿಯ ಕಸಕಡ್ಡಿ ಎತ್ತಲು ಇಳಿದಿದ್ದವರು ಆ ಕೇಂದ್ರದವರು. ದಿನಸಿ ಸಿಕ್ಕಿತು. ಬಾಡಿಗೆಗೆ ನಮ್ಮ ಎರಡು ಸಾವಿರದ ನಾನೂರರಲ್ಲಿ ಉಳಿದಿದ್ದ ಮುನ್ನೂರು ಕೊಟ್ಟೆವು.

ಆದರೂ ಅಜ್ಜಿ ತಮಗೂ ಒಂದು ಉರುಫ್ ಹಾಳೆ ಬೇಕು ಅಂತ ಹಟ ಹಿಡಿದರು. ಎಲ್ಲರಿಗೂ ಮಾಡಿಕೊಟ್ಟಿದ್ದೀಯಲ್ಲ ಅಂದರು. ಕೂತು ಬರೆದೆ. ಐದು ಹೆಸರು ಬಂದವು, ಒಂದು ಜಾಪೊಟೆಕ್‌ನಲ್ಲಿ. ಅದನ್ನು ಹೇಗೆ ಬರೆಯುವುದೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಕಿವಿ ಚುರುಕಾಗಿದ್ದವಳು ನಾನೇ, ಅದಕ್ಕೆ ಕೇಳಿಸಿದ ಹಾಗೆ ಕನ್ನಡದಲ್ಲೇ ಬರೆದುಬಿಟ್ಟೆ. ಅವರು ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು.