ನಿಮ್ಮ ಊರಿನ ಜನಸಂಖ್ಯೆ ಎಷ್ಟು, ಅದು ಯಾವ ಪಂಚಾಯಿತಿಗೆ ಸೇರುತ್ತೆ: ಹುಡುಕೋದು ಹೀಗೆ

ಬಸ್ ಬಿಡಿ, ಅಂಗನವಾಡಿ ಕೊಡಿ ಅಂತ ಅರ್ಜಿ ಬರೆಯಲು ಕೂತರೆ ಮೊದಲು ಬೇಕಾಗೋದೇ ಊರಿನ ಜನಸಂಖ್ಯೆ. ಸುಮ್ನೆ ಗೂಗಲ್ ಮಾಡಿದರೆ ಒಂದೊಂದು ವೆಬ್‌ಸೈಟ್ ಒಂದೊಂದು ಕಥೆ ಹೇಳುತ್ತೆ. ಅದನ್ನು ನಂಬಬೇಡಿ.

ಮೊದಲು ಒಂದು ಪಹಣಿ ತೆಗೆಯಿರಿ. ಊರಿನ ಯಾರ ಹೊಲದ್ದಾದರೂ ನಡೆಯುತ್ತೆ, ಭೂಮಿ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಮೇಲುಗಡೆ ತಾಲ್ಲೂಕು, ಹೋಬಳಿ, ಗ್ರಾಮ ಅಂತ ಇರುತ್ತಲ್ವಾ, ಅಲ್ಲಿರೋ ಗ್ರಾಮವೇ ನಿಮ್ಮ ಕಂದಾಯ ಗ್ರಾಮ. ಜನಗಣತಿಯ ಪಟ್ಟಿ ನಡೆಯೋದು ಈ ಹೆಸರಿನ ಮೇಲೆ, ನಾವು ಬಾಯಲ್ಲಿ ಕರೆಯೋ ಊರಿನ ಮೇಲಲ್ಲ. ಸಿಂಧನೂರು, ಗಂಗಾವತಿ ಕಡೆಯ ಕಾಲುವೆ ಪಕ್ಕದ ಕ್ಯಾಂಪ್ ಇರಲಿ, ಲಿಂಗಸೂಗೂರು ಕಡೆಯ ತಾಂಡಾ ಇರಲಿ, 2011ರಲ್ಲಿ ಅದು ಬೇರೆ ಕಂದಾಯ ಗ್ರಾಮ ಆಗಿರದಿದ್ದರೆ ಅಲ್ಲಿನ ಜನ ಮೂಲ ಗ್ರಾಮದ ಲೆಕ್ಕದಲ್ಲೇ ಸೇರಿರುತ್ತಾರೆ. ಆಮೇಲೆ ಕಂದಾಯ ಗ್ರಾಮ ಆದ ತಾಂಡಾಗಳ ಗತಿಯೂ ಇದೇ. ಉಲ್ಟಾ ಕೂಡ ಇದೆ: ಬೇಚಿರಾಕ್ ಗ್ರಾಮದಲ್ಲಿ ಹೊಲ ಇರುತ್ತೆ, ಪಹಣಿ ಇರುತ್ತೆ, ವಾಸ ಮಾತ್ರ ಯಾರೂ ಇರಲ್ಲ.

ಈಗ ಸೆನ್ಸಸ್ ವೆಬ್‌ಸೈಟ್‌ಗೆ ಹೋಗಿ 2011ರ ಜಿಲ್ಲಾ ಜನಗಣತಿ ಕೈಪಿಡಿ (District Census Handbook) ಡೌನ್‌ಲೋಡ್ ಮಾಡಿ. 2021ರ ಗಣತಿ ನಡೆಯಲಿಲ್ಲ, ಹಾಗಾಗಿ 2011ರದ್ದೇ ಗತಿ. ಇಲ್ಲೇ ಜಾಸ್ತಿ ಜನ ಎಡವೋದು, ಯಾಕಂದ್ರೆ ಆ ಪುಸ್ತಕದಲ್ಲಿ ಇರೋದು ಹಳೇ ತಾಲ್ಲೂಕುಗಳು. ಆಮೇಲೆ ಹೊಸ ತಾಲ್ಲೂಕು ಆದವನ್ನು ಹಳೇದರಲ್ಲೇ ನೋಡಬೇಕು: ಕಾರಟಗಿ, ಕನಕಗಿರಿ ತಾಲ್ಲೂಕಿನ ಊರುಗಳನ್ನು ಗಂಗಾವತಿ ತಾಲ್ಲೂಕಿನಲ್ಲಿ ಹುಡುಕಿ, ಕುಕನೂರಿನವನ್ನು ಯಲಬುರ್ಗಾದಲ್ಲಿ, ಸಿರವಾರದವನ್ನು ಮಾನ್ವಿಯಲ್ಲಿ, ಕುರುಗೋಡಿನವನ್ನು ಬಳ್ಳಾರಿಯಲ್ಲಿ. ಕಂಪ್ಲಿಯವರು ಹೊಸಪೇಟೆ ತಾಲ್ಲೂಕು ನೋಡಬೇಕು. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋದರೂ ಈ ಪುಸ್ತಕದಲ್ಲಿ ಇನ್ನೂ ಬಳ್ಳಾರಿಯಲ್ಲೇ ಇದೆ. ಮಸ್ಕಿಯದು ಸ್ವಲ್ಪ ಗೋಜಲು. ಲಿಂಗಸೂಗೂರಿನಲ್ಲಿ ಸಿಗದಿದ್ದರೆ ಸಿಂಧನೂರು, ಮಾನ್ವಿಯನ್ನೂ ನೋಡಿ.

ಒಂದೇ ಹೆಸರಿನ ಊರು ಎರಡು ಮೂರು ಇರುತ್ತವೆ, ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ದೇವರಿಗೇ ಪ್ರೀತಿ. ಹೆಸರಿನ ಜೊತೆಗಿರೋ ಆರಂಕಿ ಕೋಡ್ ಬರೆದುಕೊಳ್ಳಿ. ಅದೇ ಸಾಲಿನಲ್ಲಿ ಮನೆಗಳು, ಗಂಡಸರು, ಹೆಂಗಸರು, 0-6 ವರ್ಷದ ಮಕ್ಕಳು, ಪರಿಶಿಷ್ಟ ಜಾತಿ, ಪಂಗಡ, ಅಕ್ಷರಸ್ಥರು, ದುಡಿಯೋರು ಎಲ್ಲ ಸಿಗುತ್ತೆ.

"ನಮ್ಮೂರಲ್ಲಿ ಇಷ್ಟು ಕಡಿಮೆ ಜನಾನಾ" ಅಂತ ಅನ್ನಿಸಬಹುದು. ಎಣಿಕೆ ನಡೆದದ್ದು 2011ರ ಫೆಬ್ರವರಿ 9ರಿಂದ 28ರವರೆಗೆ. ಮಳೆ ನಂಬಿದ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಹಿಂಗಾರು ರಾಶಿ ಮುಗಿದ ಮೇಲೆ ಗುಳೆ ಹೋಗೋ ಹೊತ್ತು ಅದು. ಆ ಅಷ್ಟೂ ದಿನ ಬೆಂಗಳೂರಲ್ಲೇ ಇದ್ದವರನ್ನು ಎಣಿಸಿದ್ದು ಬೆಂಗಳೂರಲ್ಲೇ, ಊರಲ್ಲಲ್ಲ. ಹಾಗಂತ ಮತದಾರರ ಪಟ್ಟಿಯ ಸಂಖ್ಯೆ ಹಾಕಬೇಡಿ, ಅದರಲ್ಲಿ ಹದಿನೆಂಟು ತುಂಬಿದವರು ಮಾತ್ರ ಇರೋದು.

ಇನ್ನು ಪಂಚಾಯಿತಿ ವಿಷಯ. ಹೋಬಳಿ ಕಂದಾಯ ಇಲಾಖೆಯದು, ಗ್ರಾಮ ಪಂಚಾಯಿತಿಯದು ಬೇರೆ ವ್ಯವಸ್ಥೆ. ಎರಡನ್ನೂ ಕಲಸಬೇಡಿ. ಕೇಂದ್ರ ಸರ್ಕಾರದ ಲೋಕಲ್ ಗೌರ್ನಮೆಂಟ್ ಡೈರೆಕ್ಟರಿಯಲ್ಲಿ ಊರು ಹುಡುಕಿದರೆ ಯಾವ ಪಂಚಾಯಿತಿ ಅಂತ ಗೊತ್ತಾಗುತ್ತೆ, ಸೆನ್ಸಸ್ ಕೋಡ್ ತಾಳೆ ನೋಡಿಕೊಳ್ಳಬಹುದು. ಸಣ್ಣ ಊರಿಗೆ ಸ್ವಂತ ಪಂಚಾಯಿತಿ ಸಿಗೋದು ಕಷ್ಟ, ಯಾಕಂದ್ರೆ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಒಂದು ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಇರಬೇಕು, 400 ಜನಕ್ಕೆ ಒಬ್ಬ ಸದಸ್ಯ. ನಿಮ್ಮೂರಲ್ಲಿ 1,200 ಜನ ಇದ್ದರೆ ಹೆಚ್ಚು ಕಡಿಮೆ ಮೂರು ಸ್ಥಾನ ಅಂತ ಲೆಕ್ಕ.

ಅರ್ಜಿಯಲ್ಲಿ "2011ರ ಜನಗಣತಿಯಂತೆ" ಅಂತ ಬರೆದು ಕೋಡ್ ಹಾಕಿ, ಹಳೇ ತಾಲ್ಲೂಕು, ಈಗಿನ ತಾಲ್ಲೂಕು ಎರಡನ್ನೂ ನಮೂದಿಸಿ. ಕ್ಯಾಂಪ್, ತಾಂಡಾದವರು ಮೂಲ ಗ್ರಾಮದ ಸಂಖ್ಯೆಯನ್ನು ತಮ್ಮದು ಅಂತ ತೋರಿಸಬೇಡಿ. ಪಂಚಾಯಿತಿಯ ತೆರಿಗೆ ಪುಸ್ತಕದಲ್ಲಿ ನಿಮ್ಮ ಕಡೆಯ ಮನೆಗಳು ಎಷ್ಟಿವೆ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಬರೆಸಿಕೊಂಡು, ಸಹಿ ಸೀಲು ಹಾಕಿಸಿ ಅರ್ಜಿ ಜೊತೆ ಲಗತ್ತಿಸಿ.