ಐಸ್ ಪ್ಲಾಂಟ್ ಬಳ್ಳಿಯನ್ನು ಹೊರಗೆ ಸಾಗಿಸದೆ ದಿಬ್ಬ ಬಿಡಿಸಿದ್ದು: ಫೋರ್ಟ್ ಆರ್ಡ್ ಅನುಭವ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಫೋರ್ಟ್ ಆರ್ಡ್ ಮರಳುದಿಬ್ಬಗಳಲ್ಲಿ ಐಸ್ ಪ್ಲಾಂಟ್ ಎಂಬ ದಪ್ಪೆಲೆಯ ಕಳೆಬಳ್ಳಿಯನ್ನು ಕಿತ್ತವರು ಬಹಳ ಜನ ಇದ್ದಾರೆ. ಕಿತ್ತ ಬಳ್ಳಿಯನ್ನು ದಿಬ್ಬದ ಮೇಲೆಯೇ ಬಿಡುತ್ತೇನೆ ಎಂದು ನಾನು ಹೇಳಿದಾಗ, ಮೊದಲ ಮಳೆಗೆ ಅದು ಮತ್ತೆ ಬೇರೂರುತ್ತದೆಂದು ಈ ಕೆಲಸದಲ್ಲಿ ಪಳಗಿದವರೇ ನಕ್ಕಿದ್ದರು. ಕೆಲವು ಮಳೆಗಾಲಗಳು ಕಳೆದಿವೆ, ನಮ್ಮ ಪಾಲಿನ ಇಳಿಜಾರು ಇಂದಿಗೂ ಸ್ವಚ್ಛವಾಗಿದೆ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

1917ರಿಂದ 1994ರವರೆಗೆ ಸೈನ್ಯದ ವಶದಲ್ಲಿದ್ದ ಈ ನೆಲದ ಕಡಲಂಚಿನಲ್ಲಿ ಗುಂಡು ಹಾರಿಸುವ ಅಭ್ಯಾಸ ನಡೆಯುತ್ತಿತ್ತು, ಗುಂಡುಗಳನ್ನು ತಡೆಯಲು ದಿಬ್ಬಗಳೇ ಗೋಡೆಯಾಗಿದ್ದವು. ಮರಳು ಹಾರದಿರಲೆಂದು ದಕ್ಷಿಣ ಆಫ್ರಿಕಾ ಮೂಲದ ಈ ಬಳ್ಳಿಯನ್ನು ನೆಟ್ಟದ್ದೂ ಸೈನ್ಯವೇ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಮರಳು ತಡೆಯಲು ಗಾಳಿಮರ ನೆಟ್ಟದ್ದೂ ಇಂಥದೇ ಲೆಕ್ಕಾಚಾರದಿಂದ. ಸೀಸ ಹೆಚ್ಚಾಗಿದ್ದ ಮರಳನ್ನು ತೆಗೆದುಹಾಕಿದ ಮೇಲೆ, 2009ರಲ್ಲಿ ಇದು ರಾಜ್ಯ ಉದ್ಯಾನವಾಗಿ ಜನರಿಗೆ ತೆರೆಯಿತು.

ನಮ್ಮನ್ನು ಮೊದಲು ಸೋಲಿಸಿದ್ದು ಕಳೆಗಿಂತ ಹೆಚ್ಚಾಗಿ ಖರ್ಚು. ಮೊದಲ ವರ್ಷ ಕೈಯಲ್ಲಿದ್ದ ಸುಮಾರು 4,000 ಡಾಲರಿನಲ್ಲಿ ಅರ್ಧಕ್ಕೂ ಹೆಚ್ಚು ಹಣ ಟ್ರಕ್ಕಿನ ಬಾಡಿಗೆಗೆ ಮತ್ತು ಕಸದ ಅಂಗಳದಲ್ಲಿ ಟನ್ ಲೆಕ್ಕದಲ್ಲಿ ಕಟ್ಟಬೇಕಾದ ಶುಲ್ಕಕ್ಕೆ ಹೋಯಿತು. ಕುತೂಹಲಕ್ಕೆ ಒಂದು ಬುಟ್ಟಿ ಬಳ್ಳಿಯನ್ನು ಮನೆಗೆ ತಂದು ಒಣಗಿಸಿ ತೂಗಿದೆ: ಹತ್ತು ಕಿಲೋ ಇದ್ದದ್ದು ಒಂದು ಕಿಲೋದ ಆಸುಪಾಸಿಗೆ ಇಳಿಯಿತು. ಅಂದರೆ ನಾವು ದುಡ್ಡು ಕೊಟ್ಟು ನೀರು ಸಾಗಿಸುತ್ತಿದ್ದೆವು. ಕಪ್ಪು ಟಾರ್ಪಾಲು ಹೊದಿಸಿ ನೋಡಿದೆವು. ಬೇಸಿಗೆಯುದ್ದಕ್ಕೂ ಮಂಜು ಕವಿಯುವ ಈ ತೀರದಲ್ಲಿ ಬಿಸಿ ಏರದೆ ಬಳ್ಳಿ ಸಾಯಲು ತಿಂಗಳುಗಟ್ಟಲೆ ಹಿಡಿಯಿತು, ಅಷ್ಟರಲ್ಲಿ ಗಾಳಿ ಅರ್ಧ ಟಾರ್ಪಾಲನ್ನು ಹರಿದಿತ್ತು.

ಕೊನೆಗೆ ಫಲ ಕೊಟ್ಟ ಕ್ರಮ ಇದು. ಬಳ್ಳಿಯ ಹಾಸನ್ನು ಇಳಿಜಾರಿನ ಮೇಲ್ತುದಿಯಿಂದ ಚಾಪೆಯಂತೆ ಸುತ್ತುತ್ತಾ ಬಂದು, ಬೇರಿನ ಮಗ್ಗುಲು ಹೊರಗಿರುವಂತೆ ಮಾಡಿ, ಆ ಸುರುಳಿಯನ್ನು ಗಾಳಿಗೆ ಅಡ್ಡವಾಗಿ ಅಲ್ಲಿಯೇ ಬಿಡುವುದು. ಗೆಣ್ಣುಗೆಣ್ಣಿನಲ್ಲಿ ಬೇರು ಬಿಡುವ ಗಿಡವಾದ್ದರಿಂದ ನೆಲಕ್ಕೆ ತಾಗುವ ತುಣುಕುಗಳನ್ನು ಕೈಯಿಂದಲೇ ಆರಿಸಬೇಕು, ಇದರಲ್ಲಿ ಅವಸರ ನಡೆಯುವುದಿಲ್ಲ. ಸುರುಳಿಯನ್ನು ಯಾವಾಗ, ಎಷ್ಟು ಸಲ ಮಗುಚಬೇಕೆಂಬುದರಲ್ಲಿ ಒಂದು ಸೂಕ್ಷ್ಮವಿದೆ, ಸದ್ಯಕ್ಕೆ ಅದು ನನ್ನಲ್ಲಿಯೇ ಇರಲಿ. ಸುತ್ತುವಾಗ ಹಸಿರು ಕಿಲುಬು ಹಿಡಿದ ಹಳೆಯ ಗುಂಡಿನ ತುದಿಗಳು ಮರಳಿನಿಂದ ಹೊರಬೀಳುತ್ತವೆ. ಅವನ್ನು ಮುಟ್ಟದೆ ಬಾವುಟ ನೆಟ್ಟು ಉದ್ಯಾನದವರಿಗೆ ತಿಳಿಸುವುದೇ ನಮ್ಮಲ್ಲಿನ ನಿಯಮ.

ಒಣಗಿದ ಸುರುಳಿಯ ಮರೆಯಲ್ಲಿ, ಮೊದಲ ಒಳ್ಳೆಯ ಮಳೆಯ ನಂತರ ಇಲ್ಲಿನದೇ ಗಿಡವಾದ ಕಾಡು ಬಕ್‌ವೀಟ್ ಸಸಿಗಳನ್ನು ನೆಡುತ್ತೇವೆ. 1976ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ ಸ್ಮಿತ್ಸ್ ಬ್ಲೂ ಚಿಟ್ಟೆ ಮೊಟ್ಟೆಯಿಡುವುದು ಈ ಗಿಡದ ಹೂಗೊಂಚಲಿನಲ್ಲಿಯೇ ಆದ್ದರಿಂದ ಬೇರೆ ಗಿಡಗಳಿಗಿಂತ ಇದಕ್ಕೆ ಮೊದಲ ಮಣೆ. ಬಯಲಿನಲ್ಲಿ ನೆಟ್ಟ ಸಸಿಗಳಲ್ಲಿ ಮೂರರಲ್ಲಿ ಒಂದು ಉಳಿದರೆ ಹೆಚ್ಚು, ಸುರುಳಿಯ ಮರೆಯಲ್ಲಿ ಸುಮಾರು ಮುಕ್ಕಾಲು ಪಾಲು ಉಳಿದವು. ಸಸಿಯೊಂದಕ್ಕೆ ಮೂರು ಡಾಲರಿನಂತೆ ಲೆಕ್ಕ ಹಾಕಿದರೆ ಇದು ಸಣ್ಣ ಮೊತ್ತವಲ್ಲ. ಸಸಿಯ ಬದಲು ಬೀಜ ಬಿತ್ತುವ ಪ್ರಯೋಗವನ್ನೂ ಬದಿಯಲ್ಲಿ ನಡೆಸಿದೆವು. ಮೊಳಕೆಯೇನೋ ಚೆನ್ನಾಗಿ ಬಂತು, ಆದರೆ ಮೊಲಗಳು ಬಹುಪಾಲನ್ನು ಮೇಯ್ದು ಮುಗಿಸಿದವು. ಅದೇ ಮೊಲಗಳು, ಜಿಂಕೆಗಳು ಐಸ್ ಪ್ಲಾಂಟಿನ ಹಣ್ಣು ತಿಂದು ಬೀಜ ಹರಡುವುದರಿಂದ ಎರಡನೆಯ ವರ್ಷವೂ ಮರಿಸಸಿ ಕೀಳುವ ಸುತ್ತು ತಪ್ಪುವುದಿಲ್ಲ.

ಮಾರ್ಚ್‌ನಿಂದ ಸ್ನೋಯಿ ಪ್ಲವರ್ ಹಕ್ಕಿಗಳು ಬಯಲು ಮರಳಿನಲ್ಲಿ ಗೂಡು ಮಾಡುವುದರಿಂದ ಕಡಲ ಬದಿಯ ಕೆಲಸವನ್ನೆಲ್ಲ ಫೆಬ್ರವರಿಯೊಳಗೆ ಮುಗಿಸಬೇಕು. ಅಲೆಗೆ ನೇರ ಮುಖ ಮಾಡಿದ ಮುಂಚೂಣಿಯ ದಿಬ್ಬದಲ್ಲಿ ಸುರುಳಿಗಳು ಒಣಗುವ ಮೊದಲೇ ಮರಳಿನಡಿ ಹೂತು ಮತ್ತೆ ಚಿಗುರುತ್ತವೆ, ಆದ್ದರಿಂದ ಅಲ್ಲಿ ಮಾತ್ರ ಇಂದಿಗೂ ಬಳ್ಳಿಯನ್ನು ಹೊತ್ತು ಹಿಂದಿನ ದಿಬ್ಬಕ್ಕೆ ತಂದು ಒಣಗಿಸುತ್ತಿದ್ದೇವೆ.